ಶೆಟ್ಟಿಕೊಪ್ಪದ ಐದು ಫ್ರೇಮುಗಳು

ಆ ಭಾನುವಾರವೂ ಐದು ಗಂಟೆಗೇ ಎದ್ದೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ನೀರುದೋಸೆ ಹೊಯ್ದೆ. ಎಂಟು ದೋಸೆ ಡಬ್ಬಿಗೆ, ಆರು ನಮ್ಮಿಬ್ಬರ ತಟ್ಟೆಗೆ. ಸ್ನಾನ ಮುಗಿಸಿ, ಲಂಗವನ್ನು ಎಂದಿನಂತೆ ಸೊಂಟದ ಹತ್ತಿರ ಒಂದು ಮಡಿಕೆ ಒಳಗೆ ಮಡಚಿ ಕಟ್ಟಿ, ಕಾಟನ್ ಸೀರೆ ಉಟ್ಟೆ. ಮಡಚದಿದ್ದರೆ ಲಂಗ ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ನನಗೆ ಲಂಗ ಕಟ್ಟಲು ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ.

ನಮ್ಮವರು ಆಗಲೇ ಶೂ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಶೃಂಗೇರಿಯಲ್ಲಿ ಪುಸ್ತಕ–ಪೆನ್ನಿನ ಅಂಗಡಿ ಇಟ್ಟಿರುವ ಅವರಿಗೆ ಸೈಕಲ್ ಬಿಟ್ಟರೆ ಬೇರೆ ಚಟವಿಲ್ಲ. ಅವರ ಮಡಿಲಲ್ಲಿ ಒಂದು ಹಳೆಯ ಬೆಡ್‌ಶೀಟ್ ಇತ್ತು.

"ಅದೆಂತಕ್ಕೆ?" ಎಂದೆ.

"ಫ್ರೇಮ್ ಸುತ್ತಿ ತರಕ್ಕೆ. ಬಸ್ಸಲ್ಲಿ ಗೀರು ಬಿದ್ರೆ?"

ಹೊರಡುವಾಗ ಪಕ್ಕದ ಮನೆಯ ಸರಸಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದರು. ನನಗಿಂತ ಒಂದು ಗೇಣು ಎತ್ತರದ ಹೆಂಗಸು. "ಇಷ್ಟು ಬೆಳಿಗ್ಗೆ ಇಬ್ರೂ ಎತ್ಲಾಗೆ?" ಎಂದು ಕೇಳಿದರು. ಸೈಕಲ್ ತರುವುದಕ್ಕೆ ಎಂದೆ. "ಯಾರಿಗೆ?" "ನಂಗೂ ಒಂದು." ಸರಸಕ್ಕ ತಂಬಿಗೆ ಹಿಡಿದುಕೊಂಡೇ ನಕ್ಕರು.

ನಕ್ಕರೆ ತಪ್ಪಲ್ಲ. ನನಗೆ ಐವತ್ತೆರಡು. ಕಾನ್ವೆಂಟಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಸಿಸ್ಟರ್ ತಮ್ಮ ಕಪ್ಪು ಸೈಕಲ್ಲನ್ನು ಶನಿವಾರ ಒಂದೊಂದು ಸುತ್ತು ನಮಗೆ ಕೊಡುತ್ತಿದ್ದರು. ಗೇಟಿನಿಂದ ಚಾಪೆಲ್ಲಿನವರೆಗೆ ಹೋಗಿ ವಾಪಸ್ಸು. ಬೆನ್ನು ನೇರ ಇಲ್ಲದಿದ್ದರೆ ಮುಂದಿನ ಶನಿವಾರ ಸುತ್ತಿಲ್ಲ. ಆಮೇಲೆ ನಾನು ಸೈಕಲ್ ಮುಟ್ಟಿದ್ದು ಒರೆಸುವುದಕ್ಕೆ ಮಾತ್ರ, ಅದೂ ನಮ್ಮವರದ್ದು.

ಆರೂಮುಕ್ಕಾಲಿನ ಸರ್ಕಾರಿ ಬಸ್ಸು ಸಿಕ್ಕಿತು. ನನಗೆ ಸೊನ್ನೆಯ ಟಿಕೆಟ್, ಅವರಿಗೆ ಮಾತ್ರ ದುಡ್ಡು. ಮಾಘದ ಚಳಿಗೆ ಕಿಟಕಿಯ ಗಾಜು ಬೆವೆತಿತ್ತು. ಹರಿಹರಪುರದವರೆಗೂ ಹೊರಗೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ನಮ್ಮವರು ಮೊಬೈಲಿನಲ್ಲಿ ಅದೇ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದರು. ಮಳೆ ನಿಂತಾಗಿನಿಂದ, ನಾಲ್ಕು ತಿಂಗಳು, ಅವರ ಸೈಕಲ್ ಗುಂಪಿನಲ್ಲಿ ಶುಭೋದಯದ ಬದಲು ಫ್ರೇಮಿನ ಚಿತ್ರಗಳೇ ಬರುತ್ತಿದ್ದವು: ಇವತ್ತು ಕೊಳವೆ ಬಂತು, ಇವತ್ತು ಕತ್ತರಿಸಿದೆ, ಇವತ್ತು ಒಂದು ಬೆಸುಗೆ ಆಯ್ತು.

ಬೆಸುಗೆ ಹಾಕುತ್ತಿದ್ದವರು ಶೆಟ್ಟಿಕೊಪ್ಪದ ವರ್ಗೀಸ್. ಇಪ್ಪತ್ತು ವರ್ಷ ಗೇಟು, ಗ್ರಿಲ್, ಏಣಿ ಮಾಡಿದ ಕೈ. ಈಗ ವರ್ಷಕ್ಕೆ ಐದೇ ಐದು ಸೈಕಲ್ ಫ್ರೇಮು, ಅದೂ ಬೇಸಿಗೆ ಮುಗಿಯುವುದರೊಳಗೆ. ಮಳೆಗಾಲದಲ್ಲಿ ಬರೀ ಸ್ಟೀಲು ಒಂದೇ ದಿನಕ್ಕೆ ಕೆಂಪಗಾಗುತ್ತದಂತೆ. ಐದನೆಯ ಹೆಸರು ಯಾರದ್ದು ಎಂಬ ಮಾತು ಬಂದಾಗ ನಮ್ಮವರು ನನ್ನನ್ನು ಕೇಳದೆ ನನ್ನದನ್ನು ಹಾಕಿದರು. ನಾನು ಬೇಡ ಎನ್ನಲಿಲ್ಲ. ಅಡ್ಡ ಕಂಬಿ ಇರುವುದೇ ಇರಲಿ, ಚೂಡಿದಾರ್ ಹಾಕಿಕೊಂಡು ಓಡಿಸುತ್ತೇನೆ ಎಂದೆ.

ಕೊಪ್ಪದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಬೆಂಚಿನಲ್ಲೇ ದೋಸೆ ತಿಂದು, ಎನ್.ಆರ್.ಪುರದ ಖಾಸಗಿ ಬಸ್ಸು ಹತ್ತಿದೆವು. ಅರ್ಧ ಗಂಟೆಗೆ ಶೆಟ್ಟಿಕೊಪ್ಪ. ವರ್ಗೀಸರ ಶೆಡ್ಡು ಹುಡುಕುವ ಕೆಲಸವೇ ಇರಲಿಲ್ಲ; ರಸ್ತೆಗೇ ಕೇಳುವಂತೆ ವಾದ ನಡೆಯುತ್ತಿತ್ತು.

ಐದು ಫ್ರೇಮುಗಳನ್ನು ತೊಲೆಗೆ ಹಗ್ಗ ಕಟ್ಟಿ ಸಾಲಾಗಿ ತೂಗುಹಾಕಿದ್ದರು. ಇನ್ನೂ ಬಣ್ಣವಿಲ್ಲ. ಬೂದು ಸ್ಟೀಲು, ಕೊಳವೆ ಕೊಳವೆ ಸೇರುವಲ್ಲಿ ಮಾತ್ರ ಹಿತ್ತಾಳೆಯ ತೆಳ್ಳಗಿನ ಹೊಂಬಣ್ಣದ ಗೆರೆ. ಹಳೆ ಸೀರೆಯ ಜರಿ ಅಂಚಿನಂತೆ ಕಂಡಿತು ನನಗೆ. ಹಗ್ಗ ತಗಲುವಲ್ಲೆಲ್ಲ ಬಟ್ಟೆಯ ಚೂರು ಸುತ್ತಿದ್ದರು. ಇಷ್ಟು ಜೋಪಾನ ಮಾಡುವ ಮನುಷ್ಯನನ್ನು ನೋಡದೆಯೇ ನನಗೆ ಅವರ ಮೇಲೆ ಗೌರವ ಬಂತು.

ವರ್ಗೀಸರದ್ದು ಎರಡು ಮಾದರಿ. ತೆಳು ಕೊಳವೆಯ, ಹಗುರದ ಫ್ರೇಮಿಗೆ ತುಂಗಾ ಎಂದು ಹೆಸರು. ದಪ್ಪ ಕೊಳವೆಯ, ಹೇರು ಹೊರುವಂಥದಕ್ಕೆ ಭದ್ರಾ. ಹೆಸರಿಟ್ಟಿದ್ದೇ ತಪ್ಪಾಯಿತು ಎಂದರು ಅವರು ಆಮೇಲೆ. ಶೃಂಗೇರಿಯವರೆಲ್ಲ ತುಂಗೆಯ ಕಡೆ, ಎನ್.ಆರ್.ಪುರದವರೆಲ್ಲ ಭದ್ರೆಯ ಕಡೆ.

"ನಿಮ್ಮ ತುಂಗಾ ನೋಡಕ್ಕೆ ಚಂದ. ಒಂದು ಗ್ಯಾಸ್ ಸಿಲಿಂಡರ್ ಕಟ್ಟಿ ಘಾಟಿ ಹತ್ಸಿ ನೋಡುವ" ಎಂದರು ಬ್ಯಾಂಕಿನ ಸುಮಂತ್, ಎನ್.ಆರ್.ಪುರದವರು.

"ಗ್ಯಾಸ್ ತರಕ್ಕೆ ಆಟೋ ಇಲ್ವಾ ನಿಮ್ಮೂರಲ್ಲಿ?" ಎಂದರು ನಮ್ಮವರು. ಅವರು ತುಂಗಾದ ಮೇಲಿನ ಕೊಳವೆಗೆ ಉಗುರಿನಿಂದ ಟಿಂಗ್ ಎನ್ನಿಸಿದರು. "ಇದು ಕೇಳ್ಸ್ತಾ? ರಸ್ತೆಯ ಕುಲುಕು ಇದೇ ನುಂಗ್ತದೆ. ನಿಮ್ದು ಬಡಿದ್ರೆ ಗೇಟು ಬಡಿದ ಹಾಗೆ ಕೇಳ್ತದೆ."

"ಗೇಟಿನವನು ಇಲ್ಲೇ ಇದ್ದೀನಿ ಮಾರಾಯ್ರೆ" ಎಂದರು ವರ್ಗೀಸ್.

ಮೂಲೆಯಲ್ಲಿ ಒಬ್ಬರು ತಲೆ ಬಗ್ಗಿಸಿ ನಿಂತಿದ್ದರು. ಶೆಡ್ಡಿನ ಮಾಡು ಅವರಿಗೆ ತಗ್ಗು. ಕೊಪ್ಪದ ಹಾರ್ಡ್‌ವೇರ್ ಅಂಗಡಿಯ ರುದ್ರೇಶಪ್ಪ. ಆರಡಿ ಮೂರಿಂಚು. "ಎರಡೂ ಹೊಳೆ ಕೂಡ್ಲಿಯಲ್ಲಿ ಸೇರ್ತಾವೆ, ಸುಮ್ನಿರ್ರೋ" ಎಂದು ಅವರೇ ಜಗಳ ಬಿಡಿಸಿದರು. ಅವರ ಹೆಸರು ಪಟ್ಟಿಗೆ ತಡವಾಗಿ ಬಂದಿತ್ತಂತೆ, ಐದು ತುಂಬಿದ ಮೇಲೆ. ಸುಮ್ಮನೆ ನೋಡಿ ಹೋಗಲು ಬಂದಿದ್ದರು. ಐದನೆಯದು ನನ್ನದು ಎಂಬುದು ನೆನಪಾಗಿ ನಾನು ಡಬ್ಬಿಯಲ್ಲಿ ಉಳಿದಿದ್ದ ದೋಸೆಯನ್ನು ಮೊದಲು ಅವರಿಗೇ ಕೊಟ್ಟೆ.

ಪ್ರತಿ ಫ್ರೇಮಿನ ಮೇಲೂ ಸೀಮೆಸುಣ್ಣದಲ್ಲಿ ಹೆಸರು. ನನ್ನದು ಕೊನೆಯದು: 'ವಸುಧಾ ಮೇಡಂ – 36'. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚಂದದ್ದು. ಉದ್ದ ಕೊಳವೆಗಳು, ಕೈ ಚಾಚಿ ನಿಂತ ನಾಟ್ಯದವಳಂತೆ. ಸುಮಂತ್ ಕೂಡ, "ಇದೊಂದು ತುಂಗಾ ಒಪ್ಕೊಳ್ಳೋದೇ" ಎಂದರು.

ವರ್ಗೀಸ್ ಅದನ್ನು ಇಳಿಸಿ, ನೋಡುವುದಕ್ಕೆಂದು ಎರಡು ಗಾಲಿ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಬಾಗಿಲ ಕಡೆಯೂ ನೋಡಿದರು, ಇನ್ನೊಬ್ಬರು ಬರಲಿಕ್ಕಿದ್ದಾರೆ ಎನ್ನುವಂತೆ.

"ವಸುಧಾ ಮೇಡಂ?"

"ನಾನೇ" ಎಂದೆ.

ಪಕ್ಕದಲ್ಲಿ ನಿಂತೆ. ಅಡ್ಡ ಕಂಬಿ ನಾನು ನೆರಿಗೆ ಸಿಕ್ಕಿಸುವ ಜಾಗಕ್ಕೆ ಬಂತು. ವರ್ಗೀಸ್ ಮೊಬೈಲ್ ತೆಗೆದು ನನ್ನ ಸಂದೇಶವನ್ನು ಎರಡು ಸಲ ಓದಿದರು. "ಮೂವತ್ತಾರು ಅಂತ ನೀವೇ ಕಳ್ಸಿದ್ದು ಮೇಡಂ. ನಾನು ತುಂಬ ಎತ್ತರದವರು ಅಂದ್ಕೊಂಡೆ."

ಅವರದ್ದು ತಪ್ಪಲ್ಲ. ಹೇಗೆ ಅಳೆಯಬೇಕು ಎಂದು ಅವರು ಚಿತ್ರ ಸಮೇತ ಕಳಿಸಿದ್ದರು: ಬರಿಗಾಲಿನಲ್ಲಿ ಗೋಡೆಗೆ ಒರಗಿ, ಕಾಲುಗಳ ನಡುವೆ ಒಂದು ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಎಷ್ಟು ಎಂದು. ಆ ಚಿತ್ರ ನೋಡಿಯೇ ನನಗೆ ಮುಖ ಬಿಸಿಯಾಗಿತ್ತು. ನಮ್ಮವರ ಎದುರು ಹಾಗೆ ನಿಲ್ಲಲಾರದೆ, ಟೈಲರ್ ಚೀಟಿಯಲ್ಲಿದ್ದ ಲಂಗದ ಉದ್ದವನ್ನು ಬರೆದು ಕಳಿಸಿದ್ದೆ. ಕಾಲೂ ಅಷ್ಟೇ ತಾನೇ ಎಂದು. ಇದನ್ನು ಐದು ಗಂಡಸರ ಎದುರು ಹೇಗೆ ಹೇಳುವುದು? "ಲಂಗದ ಅಳತೆ" ಎಂದೆ, ಆದಷ್ಟು ಮೆಲ್ಲಗೆ. ಎಲ್ಲರಿಗೂ ಕೇಳಿಸಿತು. ನಮ್ಮವರು ತುಂಗಾವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಸೀಟು ಪೂರ್ತಿ ಇಳಿಸಿದ್ರೆ ಆಗ್ಬೋದು" ಎಂದರು ಸುಮಂತ್. "ದಪ್ಪ ಅಟ್ಟೆಯ ಚಪ್ಪಲಿ ಹಾಕಿದ್ರೆ" ಎಂದರು ಮತ್ತೊಬ್ಬರು. "ಕೊಳವೆ ಮುಗ್ದಿದೆ. ಮುಂದಿನ ಫ್ರೇಮು ಮಳೆ ಕಳೆದ ಮೇಲೇ" ಎಂದರು ವರ್ಗೀಸ್, ತಪ್ಪು ತಮ್ಮದೇ ಎನ್ನುವ ಹಾಗೆ.

ಮಳೆ ಕಳೆಯುವುದು ಎಂದರೆ ಎಂಟು ತಿಂಗಳು. ಹೇಗಾದರೂ ಇದನ್ನೇ ಮನೆಗೆ ಒಯ್ಯೋಣ, ಗೋಡೆಗೆ ಒರಗಿಸಿಟ್ಟಾದರೂ ನೋಡುತ್ತೇನೆ ಎಂದು ಒಂದು ಗಳಿಗೆ ಅನಿಸಿದ್ದು ನಿಜ.

ಅಷ್ಟರಲ್ಲಿ ಯಾರೋ ರುದ್ರೇಶಪ್ಪನವರನ್ನು ಮುಂದಕ್ಕೆ ದೂಡಿದರು. ಅವರು ಚಪ್ಪಲಿ ಬಿಟ್ಟು, ಕಾಲು ದಾಟಿಸಿ ಫ್ರೇಮಿನ ಮೇಲೆ ನಿಂತರು. ಅಳೆದು ಮಾಡಿದಂತಿತ್ತು. ಎರಡು ಕೈಯಿಂದ ಮುಂದಿನ ಕೊಳವೆಯನ್ನು ಮೆತ್ತಗೆ ಹಿಡಿದರು. ತಕ್ಷಣ ಬಿಟ್ಟು ಇಳಿದು, ಹಿಂದೆ ಸರಿದು, "ಚಂದ ಮಾಡಿದೀಯ ಮಾರಾಯ" ಎಂದು ವರ್ಗೀಸರಿಗೆ ಹೇಳಿ ಬಾಗಿಲ ಹತ್ತಿರ ಹೋಗಿ ನಿಂತರು. ಅವರ ಹಳೆಯ ಸೈಕಲ್ ಅಲ್ಲೇ ಒರಗಿತ್ತು. ಅದರ ಸೀಟಿನ ಕಂಬ ಕೊನೆಯ ಗುರುತನ್ನೂ ದಾಟಿ ಮೇಲೆ ಬಂದಿತ್ತು. ಹ್ಯಾಂಡಲಿನ ಎರಡೂ ತುದಿಗೆ, ಮೊಣಕಾಲು ತಾಗುವಲ್ಲಿ, ಹಳೆ ಟವೆಲಿನ ತುಂಡು ಕಟ್ಟಿದ್ದರು.

ನಾನು ಸೆರಗಿನಿಂದ ಸೀಮೆಸುಣ್ಣ ಒರೆಸಿದೆ. "ಇದು ನನ್ನದಲ್ಲ. ಅವರ ಹೆಸರು ಬರೀರಿ. ಮಳೆ ಕಳೆದ ಮೇಲಿನ ಮೊದಲನೆಯದು ನನ್ನದು."

"ಇಲ್ಲಮ್ಮ, ನೀವು ನಾಲ್ಕು ತಿಂಗಳು ಕಾದಿದ್ದೀರಿ" ಎಂದರು ರುದ್ರೇಶಪ್ಪ.

"ನೀವು ಎಷ್ಟು ವರ್ಷ ಆಯ್ತು ಹ್ಯಾಂಡಲಿಗೆ ಟವೆಲ್ ಕಟ್ಟಿ?"

ಅವರು ಲೆಕ್ಕ ಹಾಕಲು ಹೋಗಿ ನಕ್ಕುಬಿಟ್ಟರು.

ವರ್ಗೀಸರ ಹೆಂಡತಿ ಲಿಸ್ಸಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲು ಹಾಕಿದರು. ಪುಸ್ತಕ ಬೇಕಲ್ಲ? ಕೈಗೆ ಮೊದಲು ಸಿಕ್ಕಿದ್ದು ಪ್ರಾರ್ಥನೆಯ ಪುಸ್ತಕ. "ಅಯ್ಯೋ, ಇದು ಬೇಡ" ಎಂದು ಕಣ್ಣಿಗೊತ್ತಿ ಇಟ್ಟು, ಹಳೆಯ ಟೆಲಿಫೋನ್ ಡೈರೆಕ್ಟರಿ ತಂದರು. ಸೀರೆ ಎತ್ತಿ ಕಟ್ಟಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಇಬ್ಬರಿಗೂ ನಗು. "ನಗ್ಬೇಡಿ, ಪುಸ್ತಕ ಅಲ್ಲಾಡ್ತದೆ" ಎನ್ನುತ್ತ ಲಿಸ್ಸಿ ಪೆನ್ಸಿಲಿನಿಂದ ಗೆರೆ ಎಳೆದರು. ಇಪ್ಪತ್ತೇಳೂವರೆ ಇಂಚು. ಆ ಚೌಕಟ್ಟಿನಲ್ಲಿ ಅವರ ಮಕ್ಕಳ ಎತ್ತರದ ಗೆರೆಗಳೂ ಇದ್ದವು. ನನ್ನ ಗೆರೆ, ಅವರ ಕಿರಿಯ ಮಗಳು ಮೊದಲ ಸಲ ಎದ್ದು ನಿಂತ ದಿನದ ಗೆರೆಯ ಪಕ್ಕದಲ್ಲೇ ಬಿತ್ತು. ಅದರ ಎದುರು ಲಿಸ್ಸಿ ನೀಟಾಗಿ 'ವಸುಧಾ' ಎಂದು ಬರೆದರು.

ಮಧ್ಯಾಹ್ನ ಸುಮಂತ್ ತಮ್ಮ ಜೀಪಿನಲ್ಲಿ ಎನ್.ಆರ್.ಪುರಕ್ಕೆ ಕರೆದೊಯ್ದು ಊಟ ಹಾಕಿಸಿದರು. ಅನ್ನ, ಬಸಳೆ ಹುಳಿ, ಮಜ್ಜಿಗೆ. ಊಟದ ಮೇಲೂ ತುಂಗಾ–ಭದ್ರಾ ಮುಗಿಯಲಿಲ್ಲ. ಮೂರು ಗಂಟೆಯ ಬಸ್ಸಿಗೆ ನಾವು ವಾಪಸ್ಸು ಹತ್ತಿದೆವು. ಬೆಡ್‌ಶೀಟಿನಲ್ಲಿ ಸುತ್ತಿದ ನಮ್ಮವರ ಫ್ರೇಮು ಇಬ್ಬರ ಮಡಿಲ ಮೇಲೂ ಅರ್ಧರ್ಧ. ಎರಡು ಕೆಜಿಯ ಮೇಲೆ ಸ್ವಲ್ಪ, ಅಷ್ಟೇ. ಹಿಂದಿನ ಸೀಟಿನ ಅಜ್ಜಿ ಅದು ಕುರ್ಚಿಯಾ ಎಂದು ಕೇಳಿದರು. ಶೆಟ್ಟಿಕೊಪ್ಪ ದಾಟುವಾಗ ಕಿಟಕಿಯಿಂದ ನೋಡಿದೆ. ಶೆಡ್ಡಿನ ಎದುರು ರುದ್ರೇಶಪ್ಪ ಇನ್ನೂ ನಿಂತಿದ್ದರು, ಎರಡೂ ಕೈಯಲ್ಲಿ ಫ್ರೇಮು ಹಿಡಿದುಕೊಂಡು.

"ಬೇಜಾರಾಯ್ತಾ?" ಎಂದು ನಮ್ಮವರು ಕೊಪ್ಪದ ಹತ್ತಿರ ಕೇಳಿದರು.

"ಸ್ವಲ್ಪ" ಎಂದೆ. ಅವರು ಬೆಡ್‌ಶೀಟ್ ಸರಿಸಿ, ತಮ್ಮ ಫ್ರೇಮಿನ ಹಿತ್ತಾಳೆಯ ಗೆರೆ ಕಾಣುವ ಮೂಲೆಯನ್ನು ನನ್ನ ಕಡೆ ತಿರುಗಿಸಿಟ್ಟರು.

ಮನೆ ಮುಟ್ಟುವಾಗ ಸರಸಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. "ಎಲ್ಲಿ ನಿಮ್ಮ ಸೈಕಲ್ಲು?" ಎಂದರು. ಕಾಂಪೌಂಡಿನ ಹತ್ತಿರ ನಿಂತು ನಡೆದದ್ದನ್ನೆಲ್ಲ ಹೇಳಿದೆ, ಲಂಗದ ಮೂವತ್ತಾರು ಇಂಚನ್ನೂ ಬಿಡದೆ. ಅವರು ತಮ್ಮ ಲಂಗವೊಂದನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

"ನಂಗೂ ಮೂವತ್ತಾರೇ. ಆ ಟೈಲರ್ ಟೇಪು ಹಿಡಿದಿದ್ದು ಯಾವಾಗ? ಈ ಬೀದಿಗೆಲ್ಲ ಮೂವತ್ತಾರೇ ಹೊಲಿಯೋದು ಅವ" ಎನ್ನುತ್ತ ಒಳಗೆ ಹೋದರು.