ಅಟ್ಟದ ಮೇಲಿನ ಮನೆದೇವರು

“ಅಟ್ಟದ ಕೊಬ್ಬರಿ ಕಾಯಲು ಮನೆದೇವರೇ ನಾಗರಹಾವಾಗಿ ಬರುತ್ತಾನೆ” ಎಂಬುದು ನಮ್ಮ ತುರುವೇಕೆರೆ ಕಡೆಯ ಮಾತು. ಕಳೆದ ವರ್ಷ ಕೊಬ್ಬರಿ ಇಳಿಸಲು ಅಟ್ಟ ಹತ್ತಿದ ನನ್ನ ಹೆಂಡತಿ ಕಾಯಿಗೆ ಕೈಹಾಕುವಷ್ಟರಲ್ಲಿ ಆ ದೇವರು ಹೆಡೆಯೆತ್ತಿದ. ಆಕೆ ಏಣಿಯಿಂದ ಜಾರಿಕೊಂಡೇ ಇಳಿದಳು. ಹಾವು ಹಿಡಿಯುವವನಿಗೆ ಫೋನ್ ಮಾಡಹೊರಟ ನನ್ನನ್ನು ಅಣ್ಣ ತಡೆದ.

“ಬ್ಯಾಡ ಕಣ್ಲಾ, ದೇವ್ರು ಮುನಿಸ್ಕೊಳ್ತಾನೆ. ಕೈಮುಗ್ದು ಕಾಯಿ ಇಳುಸ್ಲಿ, ಏನೂ ಮಾಡಲ್ಲ.”

“ಹಂಗಾದ್ರೆ ನೀವೇ ಹತ್ರಿ ಬಾವ, ನಾನು ಕೆಳ್ಗಿಂದ ಮಂಗಳಾರತಿ ಎತ್ತೀನಿ” ಎಂದಳು ಹೆಂಡತಿ.

ಅಣ್ಣ ಹತ್ತಲಿಲ್ಲ, ನಾನು ಫೋನ್ ಮಾಡಿದೆ. ಹಿಡಿದು ಇಳಿಸಿದ ಹಾವು ಅಂಗಳದಲ್ಲಿ, ಎಲ್ಲರ ಕಣ್ಣೆದುರೇ, ನುಂಗಿದ್ದ ಇಲಿಯನ್ನು ಕಕ್ಕಿತು.

ಈಗ ಹೆಂಡತಿ ಕೋಲಿನಿಂದ ತಟ್ಟಿ ನೋಡಿಯೇ ಅಟ್ಟ ಹತ್ತುತ್ತಾಳೆ. ಸಂಶಯವಿರುವವರು ಅಣ್ಣನನ್ನೇ ವಿಚಾರಿಸಬಹುದು. ಇಲಿಯನ್ನು ಆತ ಅಲ್ಲಗಳೆಯುವುದಿಲ್ಲ, ನೈವೇದ್ಯವೆನ್ನುತ್ತಾನೆ.