ಸುವರ್ಣಮ್ಮನ ಎಳನೀರಿಗೆ ಅಧ್ಯಾಯ, ವಚನ

"ಬರೆದದ್ದರಲ್ಲಿ ಒಂದು ಚುಕ್ಕೆಯೂ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಬರೆಯದೆ ಇದ್ದದ್ದು ಇನ್ನು ಈ ಹೊಸ್ತಿಲು ದಾಟುವುದೂ ಇಲ್ಲ!"

ಹೊಸದಾಗಿ ಬಂದ ಪಾದ್ರಿ, ದೇವಮಿತ್ರ ಅಯ್ಯನವರು, ಸತ್ಯವೇದವನ್ನು ಎತ್ತಿ ಹಿಡಿದು ಹೀಗೆ ಗುಡುಗಿದಾಗ, ಹೊನ್ನವಳ್ಳಿ ಹಾದಿಯ ಆ ಪುಟ್ಟ ದೇವಾಲಯದ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು, ತಿಪಟೂರು ದಾಟಿ ಅರಸೀಕೆರೆಯಲ್ಲೇ ಇಳಿದದ್ದು. ಅದು ಎಪ್ಪತ್ತೆಂಟನೇ ಇಸವಿ. ಇಪ್ಪತ್ತಮೂರು ಮನೆಯ ಕ್ರೈಸ್ತ ಸಭೆ ತಲೆ ತಗ್ಗಿಸಿ ಕೂತಿತ್ತು. ಹಿಂದಿನ ಸಾಲಿನ ಸುವರ್ಣಮ್ಮ ಒಬ್ಬಳೇ ತಲೆ ಎತ್ತಿ, ಅಯ್ಯನವರನ್ನು ಕಾಯಿ ನೋಡುವ ಹಾಗೆ ನೋಡುತ್ತಿದ್ದಳು.

ಕಾಯಿ ನೋಡುವುದೇ ಅವಳ ಕಸುಬು. ದೊಡ್ಡರಂಗಯ್ಯನ ಕೊಬ್ಬರಿ ಮಂಡಿಯಲ್ಲಿ, ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಕೆಟ್ಟಿದೆಯೋ ಹೇಳಬೇಕು. ಅವಳ ಕಿವಿ ಎಷ್ಟು ಪಳಗಿತ್ತೆಂದರೆ, ಎದುರಿಗಿದ್ದವರು ತಲೆ ಅಲ್ಲಾಡಿಸಿದರೂ ಒಳಗೆಷ್ಟಿದೆ ಎಂದು ತಿಳಿಯುತ್ತಿತ್ತಂತೆ. ಅಲ್ಲಾಡಿಸದೆ ಅವಳು ಏನನ್ನೂ ನಂಬಿದವಳಲ್ಲ. ಬೆಂಕಿಪೊಟ್ಟಣವಾಗಲಿ, ಗಡಿಯಾರವಾಗಲಿ, ಮಗಳನ್ನು ನೋಡಲು ಬಂದ ಗಂಡಾಗಲಿ, ಒಂದನ್ನೂ ಬಿಟ್ಟಿರಲಿಲ್ಲ.

ಅಯ್ಯನವರ ಮಾತಿನ ಗುರಿ ತನ್ನ ಎಳನೀರೇ ಎಂದು ಅವಳಿಗೆ ತಿಳಿದಿತ್ತು. ಮಹಾಯುದ್ಧದ ಕಾಲದಲ್ಲಿ, ಯೇಸುವಿನ ನೆನಪಿಗೆ ಸಭೆಯೆಲ್ಲ ಒಂದೊಂದು ಗುಟುಕು ಕುಡಿಯುವ ಪ್ರಭುಭೋಜನಕ್ಕೆ ದ್ರಾಕ್ಷಾರಸ ಸಿಗದೆ ಹಳೇ ಅಯ್ಯನವರು ಕೈಚೆಲ್ಲಿ ಕೂತಾಗ, ಅವಳ ಗಂಡ ಶಾಂತಪ್ಪ ಹಿತ್ತಲ ಮರ ಹತ್ತಿ ಒಂದು ಎಳನೀರು ಇಳಿಸಿದ್ದ. "ದೇವರು ಈ ಸೀಮೆಗೆ ಕೊಟ್ಟ ರಸ ಇದೇ ಕಣಪ್ಪ" ಎಂದು ಅವರು ಅದನ್ನೇ ಹರಸಿ ಪಾತ್ರೆಗೆ ಸುರಿದರು. ಯುದ್ಧ ಮುಗಿಯಿತು, ಹಳೇ ಅಯ್ಯನವರು ಹೋದರು, ಶಾಂತಪ್ಪನೂ ಹೋದ. ಎಳನೀರು ಮಾತ್ರ ನಿಲ್ಲಲಿಲ್ಲ. ತಿಂಗಳ ಮೊದಲ ಭಾನುವಾರ ಅದೇ ಮರದ್ದು. ಅದು ನಿಂತರೆ ಗಂಡ ಎರಡನೇ ಸಲ ಸತ್ತ ಹಾಗೆ.

"ತೆಂಗಿನಕಾಯಿ ಯಾವ ಅಧ್ಯಾಯ, ಯಾವ ವಚನದಲ್ಲಿದೆಯಮ್ಮ?" ಆರಾಧನೆ ಮುಗಿದ ಮೇಲೆ ಅಯ್ಯನವರು ಕೇಳಿದರು. ಅವರಿಗೂ ಗುಮಾನಿ. ಇವತ್ತು ಕಾಯಿ ಒಳಕ್ಕೆ ಬಂದರೆ ನಾಳೆ ಕರ್ಪೂರ, ನಾಡಿದ್ದು ಊದುಬತ್ತಿ.

"ನಂಗೆ ಓದಾಕೆ ಬರಾಕಿಲ್ಲ ಅಯ್ನೋರೇ. ಹಳೇ ಅಯ್ನೋರು ಹೇಳಿದ್ರು."

"ಬಾಯಿಮಾತು ಬೇಡ. ಬರಹ ಬೇಕು."

ಮುಂದಿನ ಪ್ರಭುಭೋಜನಕ್ಕೆ ಬೆಂಗಳೂರಿನಿಂದ ಒಂದು ಬಾಟಲಿ ದ್ರಾಕ್ಷಾರಸ ಬಂತು. ಧೂಳು ಒರೆಸುವ ನೆಪದಲ್ಲಿ ಸುವರ್ಣಮ್ಮ ಅದನ್ನು ಅಲ್ಲಾಡಿಸಿದಳು. ತಳದಲ್ಲಿ ಒಂದು ಚೂರು ಹಣ್ಣಿನ ಗಷ್ಟೂ ಏಳಲಿಲ್ಲ. ಮೂಸಿದಳು. ಹೊಸ ಸೀರೆಯ ಬಣ್ಣದ ವಾಸನೆ.

ಅಂದು ಒಂದೊಂದು ಗುಟುಕು ಕುಡಿದ ಸಭೆಯ ನಾಲಗೆ ಬುಧವಾರವಾದರೂ ನೇರಳೆಯಾಗಿಯೇ ಇತ್ತು. ಬಸ್ಸಿನ ಕಂಡಕ್ಟರು ಬಾಯಿ ತೆಗೆಸಿ ನೋಡಿ, ಯಾರು ಕ್ರೈಸ್ತರು ಎಂದು ಹೇಳಿಬಿಡುತ್ತಿದ್ದ.

"ಏನು ಸುವರ್ಣಮ್ಮ, ನೇರಳೆಹಣ್ಣಿನ ಕಾಲ ಅಲ್ವಲ್ಲ ಇದು?" ಎಂದ ಮಂಡಿಯಲ್ಲಿ ದೊಡ್ಡರಂಗಯ್ಯ.

ಅವಳು ಚೀಲದಿಂದ ಪ್ರಭುಭೋಜನದ ಖಾಲಿ ಬಾಟಲಿ ತೆಗೆದಳು. "ಇದರ ಮ್ಯಾಲೆ ಏನು ಬರೆದದೆ, ವಸಿ ನೋಡಿ ಸಾವ್ಕಾರ್ರೇ."

ನಾಲ್ಕಕ್ಷರ ಇಂಗ್ಲಿಷು ಬಲ್ಲ ದೊಡ್ಡರಂಗಯ್ಯ ಕನ್ನಡಕ ಏರಿಸಿ, ಚೀಟಿಯ ತಳದಲ್ಲಿದ್ದ ಇರುವೆಗಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ. ಆಮೇಲೆ ನಕ್ಕ ನಗುವಿಗೆ ಮೂರು ಮೂಟೆ ಕೊಬ್ಬರಿ ಉರುಳಿದವು. ಸುವರ್ಣಮ್ಮ ನಗಲಿಲ್ಲ. ಅವನನ್ನೂ ನಂಬದೆ, ಮೂರು ಸಲ ಓದಿಸಿದಳು.

ಮರುತಿಂಗಳ ಮೊದಲ ಭಾನುವಾರ ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಖಾಲಿ ಬಾಟಲಿ ಹಿಡಿದು ದೇವಾಲಯದ ಬಾಗಿಲಲ್ಲಿ ನಿಂತಳು. ಸಭೆಯೆಲ್ಲ ನೋಡುತ್ತಿತ್ತು.

"ಮತ್ತೆ ಕಾಯಿ ತಂದೆಯಾ? ಬರಹ ಎಲ್ಲಿ?" ಎಂದರು ಅಯ್ಯನವರು.

"ತಂದಿವ್ನಿ. ತಳದಾಗದೆ, ಓದಿ."

ಅಯ್ಯನವರು ಬಾಟಲಿ ಇಸಿದುಕೊಂಡು, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದಲು ಶುರುಮಾಡಿದರು. "ದ್ರಾಕ್ಷಿ ಸ್ವಾದದ ಷರಬತ್ತು. ಇದರಲ್ಲಿ ಯಾವ ಹಣ್ಣಿನ ರಸವೂ..." ಅಲ್ಲಿಗೆ ಅವರ ದನಿ ಇಳಿಯಿತು. "...ಇಲ್ಲ."



"ನಾನು... ಇದನ್ನು ನೋಡಿರಲಿಲ್ಲ," ಎಂದರು ಅಯ್ಯನವರು. "ಅಂಗಡಿಯವನು ದ್ರಾಕ್ಷಾರಸ ಅಂತ ಹೇಳಿದ. ನಂಬಿದೆ."

"ಅಂಗಡಿಯೋನು ಹೇಳಿದ್ದಕ್ಕೆ ಸಭೆಗೆಲ್ಲ ಬಣ್ಣ ಕುಡಿಸಿದ್ರಿ," ಎಂದಳು ಸುವರ್ಣಮ್ಮ, ಎಳನೀರನ್ನು ಮೆಟ್ಟಿಲ ಮೇಲಿಟ್ಟು. "ನಮ್ಮ ಹಳೇ ಅಯ್ನೋರು ಹೇಳಿದ್ದಕ್ಕೆ ಮಾತ್ರ ಅಧ್ಯಾಯ, ವಚನ ಬೇಕಾ? ಬುಡಿ ಅತ್ಲಾಗೆ. ಮಚ್ಚು ಎಲ್ಲಿಟ್ಟಿದ್ದೀರಿ, ತನ್ನಿ."