ಪಾಯಿಂಟಿಗಾಗಿ ಬಿಟ್ಟ ಖೋಲಿ

ರಕ್ತಪರೀಕ್ಷೆಯ ಯಂತ್ರಗಳನ್ನು ಮಾರುವ ಕಂಪನಿಗೆ ನಾನು ಸೇರಿದಾಗ ನನ್ನ ಪಾಲಿಗೆ ಬಂದ ಊರುಗಳು ನಾಲ್ಕು: ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ. ಹುಬ್ಬಳ್ಳಿ, ಬೆಳಗಾವಿಗಳನ್ನು ಹಿರಿಯರು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು, ಉಳಿದದ್ದು ನನ್ನದಾಯಿತು. ಈ ಊರುಗಳಲ್ಲಿ ಆಗಷ್ಟೇ ಲ್ಯಾಬುಗಳು ಏಳುತ್ತಿದ್ದವು. ಬಸ್‌ಸ್ಟ್ಯಾಂಡಿನ ಎದುರು, ಔಷಧಿ ಅಂಗಡಿಯ ಮಗ್ಗುಲಿಗೆ, ಒಂದು ಸಣ್ಣ ಕೋಣೆ. ಅದರಲ್ಲೊಂದು ಯಂತ್ರ, ಒಂದು ಫ್ರಿಜ್ಜು. ಯಂತ್ರ ಮುನಿಸಿಕೊಂಡರೆ ರಿಪೇರಿಗೆ ನನಗೇ ಫೋನು ಬರುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಧಾರವಾಡದ ಮನೆಯಿಂದ ಸೋಮವಾರ ಹೊರಟರೆ ಗುರುವಾರ ಸಂಜೆ ಮನೆ ಮುಟ್ಟುತ್ತಿದ್ದೆ. ಮಗಳಿನ್ನೂ ಚಿಕ್ಕವಳು. ಗಂಡ ಕಾಲೇಜಿನಲ್ಲಿ ಪಾಠ ಹೇಳುವವರು. ಮಗಳ ಜಡೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಕಲಿತುಕೊಂಡಿದ್ದರು. ಮೊದಲ ರಾತ್ರಿಗೆ ಬಾಗೇವಾಡಿಯಲ್ಲಿ ನಮ್ಮ ದೂರದ ಅತ್ತೆಯೊಬ್ಬರ ಮನೆಯಿತ್ತು. ತೊಂದರೆ ಇದ್ದದ್ದು ಮುಂದಿನ ಎರಡು ರಾತ್ರಿಗಳದ್ದು. ಸಿಂದಗಿಯಲ್ಲಿ ಉಳಿದರೆ ಅಲ್ಲಿಯ ಕೆಲಸ ಮುಗಿಸಿ, ಮರುದಿನ ತಾಂಬಾ ಎಂಬ ಊರಿನ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಇಂಡಿಗೆ ಹೋಗಿಬರಬಹುದಿತ್ತು. ಆದರೆ ಉಳಿಯುವುದೆಲ್ಲಿ?

ಒಂಟಿ ಹೆಂಗಸಿಗೆ ಲಾಡ್ಜಿನವರು ಖೋಲಿ ಕೊಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಸಿಂದಗಿಯಲ್ಲೇ. ಒಂದು ಕಡೆ ಖಾಲಿ ಇಲ್ಲವೆಂದರು. ಇನ್ನೊಂದು ಕಡೆ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಇಣುಕಿ ನೋಡಿ, ‘ಯಜಮಾನ್ರು ಎಲ್ಲಿ?’ ಎಂದರು. ಕೈಯಲ್ಲಿ ಯಂತ್ರದ ಬಿಡಿಭಾಗಗಳ ಭಾರದ ಚೀಲ. ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಕೊನೆಗೆ ಹೋದದ್ದು ಕೆಳಗೆ ಮನೆ, ಮೇಲೆ ಎಂಟ್ಹತ್ತು ಖೋಲಿಗಳಿದ್ದ ಒಂದು ಹಳೆಯ ಲಾಡ್ಜಿಗೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರು ನನ್ನ ಗುರುತಿನ ಚೀಟಿಯನ್ನು ಮರ್ಯಾದೆಯಿಂದಲೇ ಹಿಂದಿರುಗಿಸಿದರು.

‘ಒಬ್ಬಾಕಿ ಹೆಣ್ಮಗಳಿಗೆ ನಾವು ಕೊಡಂಗಿಲ್ರಿ. ನಾಳೆ ಏನಾರ ಆದ್ರ ನಾವು ಜವಾಬ್ದಾರ್ರು.’

ಒಳಗಿನಿಂದ, ಕೈಗೆ ಹತ್ತಿದ್ದ ಜೋಳದ ಹಿಟ್ಟನ್ನು ಒರೆಸಿಕೊಳ್ಳುತ್ತ ಅವರ ಹೆಂಡತಿ ಬಂದರು.

‘ಯಾಕ ಕೊಡಂಗಿಲ್ಲ? ಮತ್ತ ಆಕಿ ಎಲ್ಲಿಗೆ ಹೋಗ್ಬೇಕು? ಬಸ್‌ಸ್ಟ್ಯಾಂಡಿನ್ಯಾಗ ಮಲಗ್ಬೇಕೇನು?’ ಎಂದು ಗಂಡನನ್ನು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು. ‘ಒಳಗ ಬಾ ತಂಗಿ. ಯಾವೂರಾಕಿ? ಊಟ ಆಗೇತೇನು?’

ಅಂದಿನಿಂದ ಅವರು ನನಗೆ ಅಕ್ಕಾರ ಆದರು. ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಮೊದಲ ಖೋಲಿ, ಅವರ ಅಡುಗೆಮನೆಯ ನೆತ್ತಿಯ ಮೇಲಿದ್ದದ್ದು, ನನ್ನದಾಯಿತು. ಆ ಖೋಲಿಯ ಬಗ್ಗೆ ಹೊಗಳುವಂಥದ್ದೇನೂ ಇರಲಿಲ್ಲ. ನಲ್ಲಿಯಲ್ಲಿ ಸವಳು ನೀರು, ಕಿಟಕಿಗೆ ಒಂದೇ ಬಾಗಿಲು, ಬೇಸಿಗೆಯಲ್ಲಿ ಗಿರಗಿರ ಸದ್ದು ಮಾಡಿ ಬಿಸಿಗಾಳಿಯನ್ನೇ ತಿರುವಿಹಾಕುವ ಫ್ಯಾನು. ಆದರೆ ಕೆಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತರೆ ಮಾತಿಗೆ ಕೊನೆಯಿರುತ್ತಿರಲಿಲ್ಲ. ಯಾವ ಡಾಕ್ಟರು ಸಿಡುಕ, ಯಾವ ಲ್ಯಾಬಿನವನ ಮದುವೆ ಮುರಿದುಬಿತ್ತು, ಎಲ್ಲ ಅವರಿಗೆ ನನಗಿಂತ ಮೊದಲೇ ಗೊತ್ತಿರುತ್ತಿತ್ತು. ಯಜಮಾನರು ಬಾಗಿಲಲ್ಲಿ ನಿಂತು, ‘ನಿಮ್ಮ ಮಾತು ಮುಗಿದ್ರ ನಮಗೂ ಒಂದು ಹಿಡಿ ಅನ್ನ ಹಾಕ್ರಿ’ ಎನ್ನುತ್ತಿದ್ದರು. ನನ್ನನ್ನು ಮೊದಲ ದಿನ ಒಲ್ಲೆ ಅಂದದ್ದಕ್ಕೆ ಅವರು ಬಹಳ ವರ್ಷ ನಾಚಿಕೊಂಡೇ ಇದ್ದರು. ಇಂಡಿಯಿಂದ ಬರುವ ನನ್ನ ಬಸ್ಸು ತಡವಾದರೆ ಸ್ಟ್ಯಾಂಡಿನವರೆಗೂ ನಡೆದುಬಂದು ಸುಮ್ಮನೆ ನಿಂತಿರುತ್ತಿದ್ದರು. ಕೇಳಿದರೆ, ‘ಎಲಿ ಅಡಿಕಿ ತಗೊಳಾಕ ಬಂದಿದ್ದೆ’ ಎನ್ನುತ್ತಿದ್ದರು.

ಹೊರಡುವಾಗ ಅಕ್ಕಾರ ನನ್ನ ಮಗಳಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದರು. ಮಗಳನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಆದರೂ ಅವಳು ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದಳು ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಹೀಗೇ ವರ್ಷಗಳು ಹೋದವು. ನಾನು ಒಂದು ಸಣ್ಣ ಕಾರು ಕೊಂಡೆ. ಅದೇ ಹೊತ್ತಿಗೆ ವಿಜಯಪುರದಲ್ಲಿ ದೊಡ್ಡ ಹೋಟೆಲು ಸಮೂಹವೊಂದು ತನ್ನ ಹೋಟೆಲನ್ನು ತೆರೆಯಿತು. ನಮ್ಮ ಕಂಪನಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಹುಬ್ಬಳ್ಳಿಯ ಸಭೆಯಲ್ಲಿ ಒಬ್ಬ ಸಹೋದ್ಯೋಗಿ ತನ್ನ ಫೋನಿನಲ್ಲಿ ಅವರ ಆ್ಯಪ್ ತೋರಿಸಿದ. ಅಲ್ಲಿ ತಂಗಿದ ಪ್ರತಿ ರಾತ್ರಿಗೂ ಪಾಯಿಂಟು. ಕಂಪನಿ ಬಾಡಿಗೆ ಕೊಟ್ಟರೂ ಪಾಯಿಂಟು ಮಾತ್ರ ನಮ್ಮ ಹೆಸರಿಗೆ. ಮೊದಲು ಬೆಳ್ಳಿ ದರ್ಜೆ, ಆಮೇಲೆ ಚಿನ್ನದ ದರ್ಜೆ. ಸಾಕಷ್ಟು ಕೂಡಿದರೆ ಗೋವಾದ ಸಮುದ್ರದ ದಂಡೆಯಲ್ಲಿರುವ ಅವರ ಹೋಟೆಲಿನಲ್ಲಿ ಮನೆಮಂದಿಯೊಡನೆ ಪುಕ್ಕಟೆ ಇದ್ದುಬರಬಹುದು. ಅವನು ಹೋಗಿಬಂದ ಫೋಟೊಗಳೂ ಇದ್ದವು.

ನನ್ನ ಮನಸ್ಸಿಗೆ ನಾಟಿದ್ದು ಸಮುದ್ರವಲ್ಲ. ಮನೆಯಿಂದ ಹೊರಗೆ ಕಳೆದ ರಾತ್ರಿಗಳನ್ನು ಯಾರೋ ಎಣಿಸುತ್ತಾರೆ, ಎಣಿಸಿ ಅವನ್ನು ಮನೆಯವರ ಜೊತೆಗಿನ ರಾತ್ರಿಗಳಾಗಿ ತಿರುಗಿಸಿ ಕೊಡುತ್ತಾರೆ ಎಂಬ ಮಾತು. ಅಷ್ಟು ವರ್ಷ ಮಗಳಿಗೆ ಕತೆ ಹೇಳದೆ ಮಲಗಿದ್ದೆನಲ್ಲ, ಅದಕ್ಕೊಂದು ಪರಿಹಾರ ಸಿಕ್ಕಂತೆ ಅನಿಸಿತು. ಸಿಂದಗಿಯಿಂದ ಆಗಲಿ, ಇಂಡಿಯಿಂದ ಆಗಲಿ, ಕಾರಿನಲ್ಲಿ ಸಂಜೆಗೆ ವಿಜಯಪುರ ಸೇರುವುದು ಕಷ್ಟವಿರಲಿಲ್ಲ.

ಅಕ್ಕಾರಿಗೆ ಹೇಳದೆ ಬಿಡಲು ಮನಸ್ಸಾಗಲಿಲ್ಲ. ಒಲೆಯ ಮುಂದೆ ಕೂತು ಎಲ್ಲವನ್ನೂ ವಿವರಿಸಿದೆ. ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಕೇಳಿದರು:

‘ಪಾಯಿಂಟ್ ಅಂದ್ರ ಏನ ತಂಗಿ? ಕಣ್ಣಿಗೆ ಕಾಣೂದೇನು?’

‘ಫೋನಿನ್ಯಾಗ ಕಾಣ್ತಾವ್ರಿ.’

‘ಹಂಗಾರ ನಾನೂ ಕೊಡ್ತೇನಿ ತಗೊ. ಹತ್ತು ಸರ್ತಿ ಬಂದ್ರ ಒಂದು ಸರ್ತಿ ಪುಕಟ್ ಇರು.’

‘ನಿಮ್ಮಲ್ಲಿ ಸಮುದ್ರ ಎಲ್ಲೈತ್ರಿ ಅಕ್ಕಾರ?’ ಎಂದೆ. ಇಬ್ಬರೂ ನಕ್ಕೆವು.

‘ಸಮುದ್ರ ಇಲ್ಲ ಬಿಡು. ಗೋಕರ್ಣದಾಗ ನೋಡೇನಿ. ಬರೇ ಉಪ್ಪುನೀರು, ಕಾಲಿಗೆಲ್ಲ ಉಸುಕು’ ಎಂದರು. ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ‘ಹತ್ತು ಬ್ಯಾಡ, ಐದು ಸರ್ತಿಗೆ ಒಂದು ಅಂತ ಇಟ್ಕೊ’ ಎಂದರು. ನಾನು ಮತ್ತೆ ನಕ್ಕೆ. ಈ ಸಲ ಅವರು ನಗಲಿಲ್ಲ ಎಂಬುದು ನನಗೆ ನೆನಪಿದೆ. ಆಗ ಅದು ಗಮನಕ್ಕೆ ಬರಲಿಲ್ಲವೋ, ಬಂದರೂ ಬೇಡವೆನಿಸಿತೋ, ಈಗ ಹೇಳಲಾರೆ. ಕೊನೆಗೆ ಅವರೇ ಹೇಳಿದರು: ‘ಕೂಸಿನ್ನ ಕರ್ಕೊಂಡು ಹೋಗ್ತಿ ಅಂದ್ರ ಹೋಗವ್ವಾ. ಅದಕ್ಕೂ ತಾಯಿ ಬೇಕಲ್ಲ.’

ವಿಜಯಪುರದ ಹೋಟೆಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಳಿ ಹಾಸಿಗೆ, ನಲ್ಲಿ ತಿರುವಿದರೆ ಸಾಕು ಬಿಸಿನೀರು, ಬಾಗಿಲಿಗೆ ಗಟ್ಟಿ ಬೀಗ. ಒಂಟಿ ಹೆಂಗಸೆಂದು ಯಾರೂ ಹುಬ್ಬೇರಿಸುತ್ತಿರಲಿಲ್ಲ. ಚಿನ್ನದ ದರ್ಜೆಗೆ ಏರಿದ ದಿನ ಖೋಲಿಯ ಮೇಜಿನ ಮೇಲೆ ತಟ್ಟೆ ತುಂಬ ಹಣ್ಣು, ನನ್ನ ಹೆಸರು ಅಚ್ಚು ಹಾಕಿದ ಕಾರ್ಡು ಇದ್ದವು. ಅದರ ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಸೇಬು ತಿನ್ನುತ್ತ ಟಿವಿ ನೋಡಿದೆ. ಅಲ್ಲಿ ನಾನು ಬಾಯಿಬಿಟ್ಟು ಆಡುತ್ತಿದ್ದ ಮಾತೆಂದರೆ ಖೋಲಿಯ ನಂಬರು ಹೇಳುವುದಷ್ಟೇ. ಕೌಂಟರಿನ ಹುಡುಗ ಹುಡುಗಿಯರು ಮೂರ್ನಾಲ್ಕು ತಿಂಗಳಿಗೆ ಬದಲಾಗುತ್ತಿದ್ದರು. ಪ್ರತಿ ಹೊಸಬರೂ ‘ಮೊದಲ ಸಲ ಬರ್ತಾ ಇದೀರಾ ಮೇಡಂ?’ ಎಂದು ಕೇಳಿ, ಕಂಪ್ಯೂಟರ್ ನೋಡಿದ ಮೇಲೆ ಕ್ಷಮೆ ಕೇಳುತ್ತಿದ್ದರು.

ಸಿಂದಗಿಗೆ ಹೋದಾಗ ಮೊದಮೊದಲು ಮಧ್ಯಾಹ್ನ ಚಹಾಕ್ಕೆಂದು ಅಕ್ಕಾರ ಕಡೆ ಹೋಗುತ್ತಿದ್ದೆ. ಕತ್ತಲಾಗುವ ಮೊದಲು ವಿಜಯಪುರ ಸೇರಬೇಕೆಂಬ ಗಡಿಬಿಡಿಯಲ್ಲಿ ಆ ಚಹಾ ನಿಂತುಕೊಂಡೇ ಕುಡಿಯುವಂತಾಯಿತು. ಆಮೇಲೆ ನಮ್ಮ ಯಂತ್ರಗಳಿದ್ದ ದೊಡ್ಡ ಲ್ಯಾಬು ಊರ ಹೊರಗಿನ ರಸ್ತೆಗೆ ಹೋಯಿತು. ಕೊರೊನಾ ಬಂದಾಗ ಉಸಿರಾಡಲೂ ಪುರಸೊತ್ತಿರಲಿಲ್ಲ. ನಾಲ್ಕೂ ಊರುಗಳಲ್ಲಿ ಯಂತ್ರಗಳು ಹಗಲೂ ಇರುಳೂ ಓಡುತ್ತಿದ್ದವು. ಅದೆಲ್ಲ ಮುಗಿದು ನಿಟ್ಟುಸಿರು ಬಿಡುವಷ್ಟರಲ್ಲಿ ಅಕ್ಕಾರನ್ನು ಕಂಡು ವರ್ಷಗಳಾಗಿದ್ದವು.

ಗೋವಾಕ್ಕೆ ಹೋದೆವು, ಆದರೆ ಮಗಳು ಪಿಯುಸಿ ಮುಗಿಸಿದ ಮೇಲೆ. ಒಮ್ಮೆ ಅವಳ ಪರೀಕ್ಷೆ, ಒಮ್ಮೆ ನನ್ನ ಕೆಲಸ ಅಡ್ಡ ಬಂದು ಮುಂದಕ್ಕೆ ಹೋಗುತ್ತಲೇ ಇತ್ತು. ಸಮುದ್ರಕ್ಕೆ ಮುಖ ಮಾಡಿದ ಖೋಲಿ. ಗಂಡ ಖುಷಿಯಾಗಿ ಕುರ್ಚಿ ಹಾಕಿಕೊಂಡು ಪುಸ್ತಕ ಓದಿದರು. ಮಗಳು ಗೆಳತಿಯರೊಡನೆ ಫೋನಿನಲ್ಲಿದ್ದಳು. ಆ ವಯಸ್ಸಿಗೆ ತಂದೆತಾಯಿಯ ಜೊತೆ ಉಸುಕಿನಲ್ಲಿ ಮನೆ ಕಟ್ಟುತ್ತಾಳೆಯೇ? ಎರಡನೆಯ ಸಂಜೆ ಖೋಲಿಯನ್ನೊಮ್ಮೆ ಸುತ್ತ ನೋಡಿ ಕೇಳಿದಳು:

‘ಇದರ ಸಲುವಾಗಿ ನೀ ವಿಜಯಪುರದಾಗ ಇರಾಕ ಸುರು ಮಾಡಿದ್ಯಾ?’

‘ನಿನ್ನ ಸಲುವಾಗಿ’ ಎಂದೆ.

‘ನಂಗ ಸಿಂದಗಿ ಅಕ್ಕಾರ ಹೋಳಿಗಿ ಸೇರ್ತಿತ್ತು. ಒಮ್ಮಿಗ್ಲೇ ಬಂದ್ ಆತು. ಅವರು ತೀರ್ಕೊಂಡಾರ ಅಂತ ಮಾಡಿದ್ದೆ. ಕೇಳಿದ್ರ ನಿನಗ ಬ್ಯಾಸರ ಆದೀತು ಅಂತ ಕೇಳ್ಲಿಲ್ಲ.’

ಅವಳು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳಿ ಮತ್ತೆ ಫೋನು ಎತ್ತಿಕೊಂಡಳು.

ಅಲ್ಲಿಂದ ಬಂದ ಮೇಲೂ ನಾನು ನೇರ ಸಿಂದಗಿಗೆ ಹೋಗಲಿಲ್ಲ. ವಿಜಯಪುರದಲ್ಲಿ ಮತ್ತೊಂದು ಸಮೂಹದ ಹೋಟೆಲು ಬಂತು. ಹಳೆಯ ಹೋಟೆಲಿನಲ್ಲಿ ಚಿನ್ನದ ದರ್ಜೆಯಿದ್ದವರಿಗೆ ಇಲ್ಲೂ ಮೊದಲ ದಿನದಿಂದಲೇ ಅದೇ ದರ್ಜೆ ಎಂದರು. ಸೋಫಾದ ಮೇಲೆ ಕೂತು ಫೋನಿನಲ್ಲಿ ಬೆರಳಾಡಿಸಿದೆ, ಹೋಟೆಲು ಬದಲಿಸಿದೆ. ಯಾರಿಗೂ ಹೇಳಬೇಕಾಗಲಿಲ್ಲ, ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಕೆಲವು ವಾರಗಳ ಮೇಲೆ ಹಳೆಯ ಹೋಟೆಲಿನಿಂದ ಒಂದು ಸಂದೇಶ ಬಂತು: ನಿಮ್ಮ ದಾರಿ ಕಾಯುತ್ತಿದ್ದೇವೆ, ಬೇಗ ಬನ್ನಿ. ಇಂಡಿಯ ಲ್ಯಾಬೊಂದರಲ್ಲಿ ಯಂತ್ರ ಬಿಚ್ಚಿಕೊಂಡು ಕೂತಿದ್ದೆ. ಅದನ್ನೋದಿ ನಗು ಬರಬೇಕಿತ್ತು, ಬರಲಿಲ್ಲ. ನಿಜಕ್ಕೂ ದಾರಿ ಕಾದಿದ್ದವರು ಯಾರೆಂದು ನನಗೆ ಗೊತ್ತಿತ್ತು. ಅವರು ಹಾಗೆಂದು ಬರೆದು ಕಳಿಸಿರಲಿಲ್ಲ. ಕೆಲಸ ಮುಗಿಸಿ ವಿಜಯಪುರದ ರಸ್ತೆ ಬಿಟ್ಟು ಕಾರನ್ನು ಸಿಂದಗಿಯ ಕಡೆ ತಿರುಗಿಸಿದೆ.

ಲಾಡ್ಜಿಗೆ ಹೊಸ ಬಣ್ಣ ಬಳಿದಿದ್ದರು. ಹೊರಗೆ ‘ಮಹಿಳೆಯರಿಗೆ ಪ್ರತ್ಯೇಕ ವಸತಿ’ ಎಂಬ ಫಲಕ. ಗಲ್ಲಾಪೆಟ್ಟಿಗೆಯ ಹಿಂದೆ ಅಕ್ಕಾರ ಕೂತಿದ್ದರು. ಕನ್ನಡಕ ಬಂದಿತ್ತು. ಹಣೆ ಬೋಳಾಗಿತ್ತು. ನಾನು ನಿಂತಲ್ಲೇ ನಿಂತೆ.

‘ಬರ್ರಿ ಮೇಡಮ್ಮಾರ, ಕುಂದರ್ರಿ’ ಎಂದು ಎದ್ದು ಕುರ್ಚಿ ತೋರಿಸಿದರು.

ಯಜಮಾನರು ಹೋಗಿ ಒಂದು ವರ್ಷದ ಮೇಲಾಗಿತ್ತು. ಹೃದಯಾಘಾತ, ಆಸ್ಪತ್ರೆಯ ಬಾಗಿಲಲ್ಲೇ ಮುಗಿದುಹೋಗಿತ್ತು.

‘ನನಗೊಂದು ಮಾತು ತಿಳಸಬೇಕಿತ್ತಲ್ರಿ’ ಎಂದೆ.

‘ಹೆಂಗ ತಿಳಸೂದ್ರಿ? ನಿಮ್ಮ ನಂಬರ್ ಅವರ ಫೋನಿನ್ಯಾಗ ಇತ್ತು. ನನಗ ಅದನ್ನ ತೆರ್ಯಾಕ ಬರ್ಲಿಲ್ಲ’ ಎಂದರು. ಅವರ ದನಿಯಲ್ಲಿ ಮುನಿಸಿರಲಿಲ್ಲ. ಮುನಿಸಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಕಪ್ಪು-ಸಾಸರಿನಲ್ಲಿ ಚಹಾ ಬಂತು, ಹೊರಗಿನ ಕೋಣೆಗೇ. ಆಮೇಲೆ ಅವರೇ ಹೇಳಿದರು: ‘ನಿಮ್ಮನ್ನ ಇಟ್ಕೊಂಡ ಮ್ಯಾಲ ನಮ್ಮ ಯಜಮಾನ್ರಿಗೂ ಧೈರ್ಯ ಬಂದಿತ್ರಿ. ನೀವು ಬರೂದು ಬಿಟ್ರಿ, ಖೋಲಿ ಖಾಲಿ ಉಳೀತು. ಯಾರೋ ಒಬ್ಬಾಕಿ ಟೀಚರ್ ಬಂದ್ಲು, ಕೊಟ್ವಿ. ಆಕಿ ಇನ್ನೊಬ್ಬಾಕೀನ ಕರ್ಕೊಂಡು ಬಂದ್ಲು. ಈಗ ಮ್ಯಾಲ ಎಲ್ಲಾ ಹೆಣ್ಮಕ್ಕಳ ಅದಾರ್ರಿ.’ ಅಷ್ಟರಲ್ಲಿ ನರ್ಸ್ ಹುಡುಗಿಯೊಬ್ಬಳು ಕೆಲಸ ಮುಗಿಸಿ ಒಳಗೆ ಬಂದಳು. ಅಕ್ಕಾರ ತಿರುಗಿ, ‘ಬಂದ್ಯಾ ಯವ್ವಾ? ಮಾರಿ ಎಷ್ಟು ಬಾಡೇತಿ ನೋಡು. ನಡಿ, ಕೈಕಾಲು ತೊಳಕೊಂಡು ಉಣ್ಣಾಕ ಬಾ’ ಎಂದರು. ಅವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು.

‘ಇವತ್ತು ಖೋಲಿ ಸಿಗತೈತೇನ್ರಿ ಅಕ್ಕಾರ?’ ಎಂದು ಕೇಳಿದೆ.

‘ಅಯ್ಯ, ಮೊದ್ಲ ಹೇಳಿದ್ರ ಇಡತಿದ್ನಲ್ರಿ’ ಎಂದು ನಿಜಕ್ಕೂ ಪೇಚಾಡಿಕೊಂಡರು. ಒಂದು ಮಂಚವೂ ಖಾಲಿ ಇರಲಿಲ್ಲ. ಆ ಸಂಜೆ ನಾನು ವಿಜಯಪುರಕ್ಕೇ ಹೋದೆ.

ಈಗ ಅಕ್ಕಾರ ನಂಬರು ನನ್ನ ಹತ್ತಿರ ಇದೆ, ನನ್ನದು ಅವರ ಹತ್ತಿರ. ಸಿಂದಗಿಗೆ ಹೋಗುವ ಎರಡು ದಿನ ಮೊದಲೇ ಫೋನು ಮಾಡುತ್ತೇನೆ. ಮಂಚ ಖಾಲಿ ಇದ್ದರೆ ಉಳಿಯುತ್ತೇನೆ. ಹಳೆಯ ಖೋಲಿಯಲ್ಲಿ ಈಗ ಮೂರು ಮಂಚಗಳಿವೆ. ನರ್ಸುಗಳು, ಬ್ಯಾಂಕಿಗೆ ಹೊಸದಾಗಿ ಸೇರಿದವರು. ನನ್ನನ್ನು ಆಂಟಿ ಎನ್ನುತ್ತಾರೆ, ನಾನು ಮಲಗಿದರೆ ದೀಪ ಆರಿಸಿ ಪಿಸುಗುಟ್ಟುತ್ತಾರೆ.

ಒಮ್ಮೆ ಧೈರ್ಯ ಮಾಡಿ ಹೇಳಿದೆ: ‘ಅಕ್ಕಾರ, ನನಗ ಮೊದಲಿನಂಗ ನೀ ಅನ್ರಿ.’

ಅವರು ನಕ್ಕರು. ‘ಅನಬೇಕಂತ ನನಗೂ ಅನಸ್ತೈತ್ರಿ. ನಾಲಿಗಿಗೆ ರೂಢಿ ತಪ್ಪೇತ್ರಿ’ ಎಂದರು.

ಅವರದು ತಪ್ಪೇನಿಲ್ಲ. ಕಳೆದ ಸಲ ಹೋದಾಗ ಹುಡುಗಿಯರೊಡನೆ ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ಹುಡುಗಿಯರು ಸಾಕು ಸಾಕೆಂದು ಕೈ ಅಡ್ಡ ಹಿಡಿದರೂ ಅಕ್ಕಾರ ಅವರ ತಾಟಿಗೆ ರೊಟ್ಟಿ ಎಸೆಯುತ್ತ ಬಂದರು. ನನ್ನ ಎದುರಿಗೆ ಬಂದಾಗ ರೊಟ್ಟಿ ಹಿಡಿದ ಕೈಯನ್ನು ತಡೆದು ಕೇಳಿದರು:

‘ಇನ್ನೊಂದು ಹಾಕ್ಲೇನ್ರಿ?’

‘ಹಾಕ್ರಿ’ ಎಂದೆ.